ಹೊಲದ ದಫ್ತರವೂ ತಾಳೆಯಾಗದ ನಮೂದೂ

ಬೈಲಹೊಂಗಲದ ಉಪವಿಭಾಗಾಧಿಕಾರಿಗಳ ಕಚೇರಿಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಹೊಲಗಳ ತಕರಾರುಗಳು ಮೇಲ್ಮನವಿಯಾಗಿ ಬರುವವು. ಅವುಗಳಲ್ಲಿ ಅಣ್ಣತಮ್ಮಂದಿರ ಜಗಳವಾಗಲಿ, ಬದುವಿನ ಒತ್ತುವರಿಯಾಗಲಿ, ಯಾರ ದುರುದ್ದೇಶವಾಗಲಿ ಇಲ್ಲದ ಒಂದು ಬಗೆಯ ತಕರಾರುಂಟು. ಪಹಣಿಯ 3ನೆಯ ಅಂಕಣದಲ್ಲಿ ಸರ್ವೆ ನಂಬರಿನ ಒಟ್ಟು ಕ್ಷೇತ್ರವು 8 ಎಕರೆ 12 ಗುಂಟೆ ಎಂದು ಬರೆದಿದೆಯೆಂದು ತಿಳಿಯೋಣ. 9ನೆಯ ಅಂಕಣದಲ್ಲಿ ಹೆಸರು ಹೆಸರಿಗೆ ಹಂಚಿ ಬರೆದ ಕ್ಷೇತ್ರಗಳನ್ನು ಕೂಡಿಸಿ ನೋಡಿದರೆ 8 ಎಕರೆ 20 ಗುಂಟೆ ಆಗುವದು. ಭೂಮಿಯೇನೂ 8 ಗುಂಟೆ ಬೆಳೆದಿಲ್ಲ, ದಫ್ತರವು ಬೆಳೆದಿದೆ. ಆದರೆ ಉತಾರದಲ್ಲಿ ಈ ಹೆಚ್ಚಳವಿರುವ ವರೆಗೆ ಆ ಹೊಲವನ್ನು ಮಾರಹೊರಟವನಿಗೂ, ವಾಟಣಿ ಮಾಡಿಕೊಳ್ಳಹೊರಟ ಮಕ್ಕಳಿಗೂ ದಾರಿಯು ಕಟ್ಟಿದಂತೆಯೇ ಸರಿ.

ಈ 8 ಗುಂಟೆಯು ಎಲ್ಲಿಂದ ಬಂದಿತೆಂದು ಹುಡುಕುವವನು ಎರಡು ನೂರು ವರ್ಷಗಳ ಹಿಂದಿನ ವರೆಗೂ ಹೋಗಬಹುದು. ಎರಡು ಪುಸ್ತಕಗಳನ್ನು ಒಂದಕ್ಕೊಂದು ಜೋಡಿಸಿದಲ್ಲಿ ತಾಳೆಯಾಗದ ನಮೂದು ಹುಟ್ಟಿಯೇ ಹುಟ್ಟುವದು. ಅದು ಬರಹಗಾರನ ಅಜಾಗ್ರತೆಯಿಂದಲೇ ಆಗಬೇಕೆಂದಿಲ್ಲ. ಅಂಥ ನಮೂದನ್ನು ಎಲ್ಲಿ ಇಡತಕ್ಕದ್ದು, ಅದಕ್ಕೆ ಯಾರು ಉತ್ತರ ಹೇಳತಕ್ಕದ್ದು, ಇತ್ಯರ್ಥವಾಗುವ ವರೆಗೆ ಹೊಲದ ಒಡೆಯನ ಗತಿಯೇನು ಎಂಬ ಪ್ರಶ್ನೆಗಳಿಗೆ ಈ ಸೀಮೆಯನ್ನಾಳಿದ ಸರಕಾರಗಳು ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ. ಕೆಲವು ಉತ್ತರಗಳಿಗೆ ಜನರು ರಕ್ತದ ಬೆಲೆಯನ್ನೂ ತೆತ್ತಿದ್ದಾರೆ.

ಸನ್ 1824ನೆಯ ಇಸವಿಯ ಸಪ್ಟಂಬರ 11ರಂದು ಕಿತ್ತೂರಿನ ದೇಸಾಯಿ ಶಿವಲಿಂಗ ರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಅವನು ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡ ಸಂಗತಿಯು ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆಗೆ ಪತ್ರಮುಖೇನ ತಿಳಿಯಿತು. ಥ್ಯಾಕರೆಯು ಆ ಪತ್ರವನ್ನೂ ಅದರ ಮೇಲಿನ ರುಜುವನ್ನೂ ನಂಬಲಿಲ್ಲ. ಮೇಲಿನ ಸರಕಾರದ ನಿರ್ಣಯವಾಗುವ ಮೊದಲೇ ಅವನು ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿ ತನ್ನ ಕಾವಲನ್ನಿಟ್ಟನು. ಮುಂದಿನ ಸಂಗತಿಯು ಕನ್ನಡಿಗರ ಮನೆಮನೆಗೆ ಗೊತ್ತಿದ್ದುದೇ ಆಗಿದೆ: ಅಕ್ಟೋಬರ 23ರಂದು ಕೋಟೆಯ ಮುಂದಿನ ಕಾಳಗದಲ್ಲಿ ಥ್ಯಾಕರೆಯು ಬಿದ್ದನು, ಡಿಸೆಂಬರದ ಮೊದಲಲ್ಲಿ ಕೋಟೆಯು ಕುಂಪಣಿಯ ಕೈಸೇರಿತು, ಚೆನ್ನಮ್ಮ ರಾಣಿಯವರು ಬೈಲಹೊಂಗಲದಲ್ಲಿ ಸೆರೆಯಾಗಿದ್ದು 1829ರ ಫೆಬ್ರುವರಿ 2ರಂದು ಅಲ್ಲಿಯೇ ದೇಹವಿಟ್ಟರು.

ಕಿತ್ತೂರಿನ ಪತನಕ್ಕೆ ಒಂದು ಪತ್ರದ ಮೇಲಿನ ಸಂಶಯವೇ ಕಾರಣವೆಂದು ಹೇಳುವದು ಹುಡುಗಾಟವಾದೀತು. ಕುಂಪಣಿಗೆ ಆ ಸಂಸ್ಥಾನವು ಬೇಕಾಗಿತ್ತು. ಆದರೂ ದಫ್ತರದ ಚರಿತ್ರೆಯನ್ನು ನೋಡುವವನಿಗೆ ಒಂದು ಮಾತು ಕಣ್ಣಿಗೆ ಬೀಳದೆ ಇರದು. ಸಂಶಯವು ಕಚೇರಿಯದಾಗಿತ್ತು, ಬೀಗವು ಬಿದ್ದದ್ದು ಒಡೆಯನ ಬಾಗಿಲಿಗೆ. ತಾಳೆಯಾಗದ ಕಾಗದವನ್ನು ಕಾಗದವಾಗಿಯೇ ಇಟ್ಟುಕೊಂಡು ವಿಚಾರಿಸುವ ಕ್ರಮವು ಅಲ್ಲಿ ಇರಲಿಲ್ಲ. ಸಂಗೊಳ್ಳಿಯ ರಾಯಣ್ಣನು 1830ರಲ್ಲಿ ಎದ್ದು ನಿಂತಾಗ ಅವನ ಜನರು ಮೊದಲು ಕೈಹಾಕಿದ್ದು ಬೀಡಿಯ ಸರಕಾರೀ ಕಚೇರಿಗೆ ಎಂಬುದು ಕೇವಲ ಆಕಸ್ಮಿಕವಲ್ಲ. ಹೊಲವನ್ನು ಕಸಿದುಕೊಂಡದ್ದು ಯಾವ ಮನೆಯಲ್ಲಿ ಬರೆಯಲ್ಪಟ್ಟಿತ್ತೆಂಬುದು ಅವರಿಗೆ ತಿಳಿದಿತ್ತು.

ಕುಂಪಣಿಯ ಅಮಲು ನೆಲೆನಿಂತ ಬಳಿಕ 1836ರಲ್ಲಿ ಬೆಳಗಾವಿಯು ಧಾರವಾಡದಿಂದ ಬೇರೆ ಜಿಲ್ಲೆಯಾಯಿತು. ಬೈಲಹೊಂಗಲವು ಸಂಪಗಾಂವ ತಾಲೂಕಿನ ಕಚೇರಿಯ ಊರಾಗಿಯೂ ಸವದತ್ತಿಯು ಪರಸಗಡ ತಾಲೂಕಿನ ಕಚೇರಿಯ ಊರಾಗಿಯೂ ಬಹುಕಾಲ ನಡೆದವು. ರಾಮದುರ್ಗವು ಭಾವೆ ಮನೆತನದ ಸಂಸ್ಥಾನವಾಗಿ ಪ್ರತ್ಯೇಕವಾಗಿಯೇ ಉಳಿಯಿತು. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಮೋಜಣಿಯು 1850ರ ಸುಮಾರಿಗೆ ಈ ಬ್ರಿಟಿಷ್ ತಾಲೂಕುಗಳಲ್ಲಿ ಹೊಲದಿಂದ ಹೊಲಕ್ಕೆ ಸಾಗಿತು. ಅದರ ಕ್ರಮವನ್ನು 1847ರ ಸಂಯುಕ್ತ ವರದಿಯಲ್ಲಿ ವಿವರವಾಗಿ ಬರೆದಿಟ್ಟಿದ್ದಾರೆ. 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲವಾದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಗುಂಟೆಯೊಳಗೆ ಮತ್ತೆ 16 ಆಣೆ. ಈ ನಾಲ್ಕು ತಾಲೂಕುಗಳ ಒಕ್ಕಲಿಗನು ಇಂದಿಗೂ ತನ್ನ ಹೊಲವನ್ನು ಹೇಳುವದು ಇದೇ ಲೆಕ್ಕದಿಂದ.

ಆ ಮೋಜಣಿಯವರು ಮಣ್ಣಿನ ತರಗತಿಯನ್ನು ಗೊತ್ತುಮಾಡಿದ ರೀತಿಯು ಮನಸ್ಸಿಟ್ಟು ನೋಡತಕ್ಕದ್ದಾಗಿದೆ. ಹೊಲವನ್ನು ಸಣ್ಣ ಸಣ್ಣ ಮನೆಗಳಾಗಿ ನಕ್ಷೆಯಲ್ಲಿ ಭಾಗಿಸಿ ಪ್ರತಿಯೊಂದು ಮನೆಯಲ್ಲಿ ಮಣ್ಣಿನ ಆಳವನ್ನು ಮೊಳದ ಲೆಕ್ಕದಿಂದ ನೋಡುವರು. ಒಟ್ಟು 9 ವರ್ಗ. ಮೊದಲನೆಯದು 16 ಆಣೆ, ಕೊನೆಯದು 2 ಆಣೆ. ಒಂದೂಮುಕ್ಕಾಲು ಮೊಳ ಆಳವಾದ ಉತ್ತಮ ಎರೆಯಾಗಿದ್ದರೂ ಅದರಲ್ಲಿ ದೋಷವಿದ್ದರೆ ಅದಕ್ಕೆ ಒಂದೊಂದು ಚಿಹ್ನೆ. ಸುಣ್ಣದ ಹರಳು ಬೆರೆತಿದ್ದರೆ ಒಂದು ಗುರುತು, ಉಸುಕು ಬೆರೆತಿದ್ದರೆ ಇನ್ನೊಂದು. ಇಳಿಜಾರಿಗೆ, ಮಣ್ಣಿನ ಕಣಗಳು ಕೂಡಿ ನಿಲ್ಲದಿರುವದಕ್ಕೆ, ನೀರು ಇಂಗದಿರುವದಕ್ಕೆ, ಹರಿವ ನೀರು ಹೊಲದ ಮೇಲೆ ಹಾಯುವದಕ್ಕೆ, ಒರತೆಯಿಂದ ಜವಳು ಹಿಡಿಯುವದಕ್ಕೆ ಹೀಗೆ ಏಳು ದೋಷಗಳಿಗೆ ಏಳು ಗುರುತುಗಳು. ಒಂದು ಗುರುತಿಗೆ ಒಂದು ವರ್ಗ ಇಳಿಯುವದು. ವರ್ಗಕಾರನು ತನ್ನ ಮನಸ್ಸಿಗೆ ಬಂದಂತೆ ಈ ಹೊಲವು ಕನಿಷ್ಠವೆಂದು ಬರೆಯುವ ಹಾಗಿರಲಿಲ್ಲ. ಯಾವ ದೋಷದಿಂದ ಎಷ್ಟು ಇಳಿಯಿತೆಂಬುದನ್ನು ನಕ್ಷೆಯ ಮನೆಯಲ್ಲಿಯೇ ತೋರಿಸಬೇಕು. ಮೇಲಿನ ಅಧಿಕಾರಿಯು ಬಂದು ಕೆಲವು ಹೊಲಗಳನ್ನು ತಿರುಗಿ ಅಳೆದು ತಾಳೆ ನೋಡುವನು. ಮಾಡಿದ ಕೆಲಸದಲ್ಲಿ ತಪ್ಪು ಇರಬಹುದೆಂಬುದನ್ನು ಮೊದಲೇ ಒಪ್ಪಿಕೊಂಡು ಅದನ್ನು ಹುಡುಕುವ ಏರ್ಪಾಡನ್ನೂ ಮಾಡಿದ್ದು ಈ ಸೀಮೆಯ ದಫ್ತರದ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆಯೇ ಸರಿ. ಕಂದಾಯದ ಭಾರದ ಮಾತು ಬೇರೆ. ಅದು ಇಲ್ಲಿ ಪ್ರಸ್ತುತವಲ್ಲ.

ಆದರೆ ಅದೇ ಕಾಲದಲ್ಲಿ ಅದೇ ಸರಕಾರವು ಇನಾಮಿನ ವಿಷಯದಲ್ಲಿ ತೀರ ವಿರುದ್ಧವಾದ ದಾರಿಯನ್ನು ಹಿಡಿದಿತ್ತು. 1843ರಲ್ಲಿ ದಕ್ಷಿಣ ಮರಾಠಾ ಸೀಮೆಯಲ್ಲಿ ಇನಾಮುಗಳ ವಿಚಾರಣೆಯು ಆರಂಭವಾಯಿತು; 1852ರ 11ನೆಯ ಕಾಯದೆಯಿಂದ ಇನಾಮ ಕಮಿಶನ್ನಿಗೆ ಪೂರ್ಣ ಅಧಿಕಾರ ಬಂದಿತು. ಒಂದು ಕಡೆಗೆ ಪೇಶವೆಯವರ ಪುಣೆಯ ದಫ್ತರ, ಇನ್ನೊಂದು ಕಡೆಗೆ ಹಳ್ಳಿಯ ಮನೆಯ ಪೆಟ್ಟಿಗೆಯಲ್ಲಿ ಗೆದ್ದಲು ಹಿಡಿದ ಸನದು. ಎರಡೂ ತಾಳೆಯಾಗಬೇಕು. ತಾಳೆಯಾಗದಿದ್ದಲ್ಲಿ ತಪ್ಪು ಯಾರದೆಂದು ಕೇಳುವ ಗೊಡವೆಯಿಲ್ಲ. ತನ್ನ ಹಕ್ಕನ್ನು ತಾನೇ ಸಿದ್ಧಮಾಡಿ ತೋರಿಸುವ ಭಾರವು ಇನಾಮದಾರನ ಮೇಲೆಯೇ ಬಿದ್ದಿತು. ಮೂರು ನಾಲ್ಕು ತಲೆಗಳಿಂದ ಉಂಡು ಬಂದ ಹೊಲಕ್ಕೆ ಒಂದು ಕಾಗದದ ಕೊರತೆಯಿಂದ ಪೂರ್ಣ ಆಕಾರವು ಬೀಳುವದನ್ನು ಕಂಡು ಮಠ, ಗುಡಿ, ಶೇತಸನದಿ ಮನೆತನ ಯಾವುವೂ ನಿಶ್ಚಿಂತವಾಗಿರಲಿಲ್ಲ. 1858ರ ಮೇ 29ರ ರಾತ್ರಿ ರಾಮದುರ್ಗದಿಂದ ನರಗುಂದದ ಕಡೆಗೆ ಹೊರಟಿದ್ದ ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ನನು ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಜನರಿಂದ ಹತನಾದನು. ಅವನು ಮೊದಲು ಇನಾಮ ಕಮಿಶನ್ನಿನ ಕೆಲಸದಲ್ಲಿದ್ದವನೆಂಬುದನ್ನು ಜನರು ಮರೆತಿರಲಿಲ್ಲ. ನರಗುಂದದ ಬಂಡಾಯಕ್ಕೆ ದತ್ತಕದ ನಿರಾಕರಣೆಯೇ ಮೊದಲಾದ ಬೇರೆ ಕಾರಣಗಳೂ ಇದ್ದವು. ಆದರೂ ಇನಾಮಿನ ಕಾಗದಗಳ ಕಹಿಯು ಅದರಲ್ಲಿ ಬೆರೆತಿತ್ತೆಂಬುದು ನಿಜ.

ಸರಕಾರಕ್ಕೆ ಬುದ್ಧಿ ಬಂದದ್ದು ಆಮೇಲೆ. 1863ರ ಮುಂಬಯಿ 2ನೆಯ ಕಾಯದೆಯು ಒಂದು ಜಾಣತನದ ದಾರಿಯನ್ನು ತೆಗೆಯಿತು. ವಿಚಾರಣೆ ಮುಗಿಯದ ಇನಾಮದಾರನು ಬೇಕಾದರೆ ತನ್ನ ಸನದನ್ನು ಸಿದ್ಧಪಡಿಸುವ ಗೋಜಿಗೇ ಹೋಗದೆ ಆಕಾರದ ನಾಲ್ಕನೆಯ ಒಂದು ಪಾಲನ್ನು ಮತ್ತು ನಜರಾಣೆಯನ್ನು ಕೊಡುತ್ತ ಭೂಮಿಯನ್ನು ಖಾಯಮಾಗಿ ಅನುಭವಿಸಬಹುದು. ಬಿಡಿಸಲಾರದ ಗಂಟನ್ನು ಬಿಡಿಸದೆಯೇ ಪಕ್ಕಕ್ಕಿಟ್ಟು ಒಕ್ಕಲುತನವನ್ನು ಮುಂದುವರಿಸುವ ಉಪಾಯವಿದು. ನ್ಯಾಯದ ದೃಷ್ಟಿಯಿಂದ ಇದು ಪೂರ್ಣವೆನ್ನುವಂತಿಲ್ಲ. ಸನದಿದ್ದವನೂ ಹೆದರಿ ಪಾಲನ್ನು ತೆತ್ತಿರಬಹುದು. ಆದರೆ ಹೊಲಗಳು ಬೀಳುಬೀಳಲಿಲ್ಲ.

ಇಷ್ಟಾದರೂ ಹೊಲವು ಯಾರ ವಹಿವಾಟಿನಲ್ಲಿದೆಯೆಂಬುದನ್ನು ಬರೆಯುವ ಪುಸ್ತಕವೇ ಆ ವರೆಗೆ ಇರಲಿಲ್ಲವೆಂದರೆ ಆಶ್ಚರ್ಯವೆನಿಸೀತು. ಮೋಜಣಿಯ ಪುಸ್ತಕದಲ್ಲಿ ಕಂದಾಯ ಕೊಡುವವನ ಹೆಸರಿತ್ತು. ಸಾಲಕ್ಕಾಗಿ ಬರೆದುಕೊಟ್ಟವನು, ಪಾಲಿಗೆ ಬಿತ್ತುವವನು, ಬೇರೆಯಾದ ತಮ್ಮ ಇವರು ಯಾರೂ ಅಲ್ಲಿ ಕಾಣುತ್ತಿರಲಿಲ್ಲ. 1903ರ ಮುಂಬಯಿ 4ನೆಯ ಕಾಯದೆಯಿಂದ ಹಕ್ಕುದಫ್ತರವು ಹುಟ್ಟಿತು. 1913ರಲ್ಲಿ ಅದನ್ನು ತಿದ್ದಿ ಜಮೀನು ಮಹಸೂಲಿನ ಕಾಯದೆಯಲ್ಲಿಯೇ ಸೇರಿಸಿದರು. ಹಳ್ಳಿಯ ಪುಸ್ತಕಗಳಿಗೆ ನಮೂನೆಯ ಅಂಕಿಗಳು ಬಂದವು. 7 ಮತ್ತು 12ನೆಯ ನಮೂನೆಗಳು ಕೂಡಿದ ಹಾಳೆಗೆ ಜನರು ಸಾತಬಾರಾ ಉತಾರವೆಂದರು. 6ನೆಯ ನಮೂನೆಯು ಬದಲಾವಣೆಗಳ ಪುಸ್ತಕ, ಅಂದರೆ ಎಲ್ಲರ ಬಾಯಲ್ಲಿಯೂ ಇದ್ದ ‘ಡೈರಿ’. ಅದರ ಬಗಲಿಗೆ ‘6 ಅ’ ಎಂಬ ಇನ್ನೊಂದು ಪುಸ್ತಕವಿತ್ತು. ಅದು ತಕರಾರುಗಳ ಪುಸ್ತಕ.

ಈ ಎರಡು ಪುಸ್ತಕಗಳ ನಡೆವಳಿಯನ್ನು ಸ್ವಲ್ಪ ನಿಧಾನವಾಗಿ ನೋಡುವದು ಅವಶ್ಯ. ತಂದೆ ತೀರಿಕೊಂಡು ಮಕ್ಕಳು ವಾರಸರಾದರೆ ಮೂರು ತಿಂಗಳೊಳಗಾಗಿ ಕುಲಕರ್ಣಿಗೆ ವರ್ದಿ ಕೊಡಬೇಕು. ಕುಲಕರ್ಣಿಯು ಅದನ್ನು ಡೈರಿಯಲ್ಲಿ ಅನುಕ್ರಮ ಸಂಖ್ಯೆಯೊಂದಿಗೆ ಬರೆಯುವನು. ನಡುವೆ ಸಂಖ್ಯೆಯನ್ನು ಬಿಡುವ ಹಾಗಿಲ್ಲ, ಹಿಂದಿನದನ್ನು ಅಳಿಸುವ ಹಾಗಿಲ್ಲ. ಅದರ ಪ್ರತಿಯನ್ನು ಚಾವಡಿಗೆ ಹಚ್ಚುವನು. ಸಂಬಂಧಪಟ್ಟವರಿಗೆ ನೋಟೀಸನ್ನು ಕೊಡುವನು. ಉತಾರದ ಹಾಳೆಯಲ್ಲಿ ಹೊಸ ಹೆಸರನ್ನು ಈಗಲೇ ಬರೆಯುವನು, ಆದರೆ ಪೆನ್ಸಿಲಿನಿಂದ. ಯಾರಾದರೂ ಲಿಖಿತ ತಕರಾರು ಕೊಟ್ಟರೆ ಅದು ಡೈರಿಯ ಅಂಚಿನಲ್ಲಿ ಸಿಕ್ಕಿಕೊಳ್ಳುವದಿಲ್ಲ. ‘6 ಅ’ ಪುಸ್ತಕಕ್ಕೆ ಹೋಗಿ ಅಲ್ಲಿ ತನ್ನದೇ ಸಂಖ್ಯೆ, ತನ್ನದೇ ತಾರೀಖು ಪಡೆಯುವದು. ಮೇಲಿನ ಅಧಿಕಾರಿಯು ಊರಿಗೆ ಬಂದು, ಜನರನ್ನು ಕೂಡಿಸಿ, ಮುಖ್ಯವಾಗಿ ವಹಿವಾಟನ್ನು ನೋಡಿ ತಕರಾರನ್ನು ಇತ್ಯರ್ಥಪಡಿಸುವನು. ಆ ಮೇಲೆಯೇ ಪೆನ್ಸಿಲಿನ ಅಕ್ಷರಗಳ ಮೇಲೆ ಮಸಿಯು ಬೀಳುವದು. ಒಪ್ಪಿಗೆಯಾಗದವನು ದಿವಾಣಿ ಕೋರ್ಟಿಗೆ ಹೋಗಬಹುದು; ಅಲ್ಲಿ ಬೇರೆ ಸಿದ್ಧವಾಗುವ ವರೆಗೆ ದಫ್ತರದ ನಮೂದು ನಿಜವೆಂದು ಹಿಡಿಯತಕ್ಕದ್ದು.

ಪೆನ್ಸಿಲಿನ ನಮೂದು ಸುಳ್ಳಲ್ಲ, ನಿಜವೂ ಅಲ್ಲ, ಅದು ಕಾಯುತ್ತಿರುವದು. ಉತಾರವನ್ನು ನೋಡಿದವನಿಗೆ ಈ ಹೊಲದಲ್ಲಿ ಏನೋ ನಡೆದಿದೆಯೆಂಬುದು ತಿಳಿಯುವದು; ಆದರೆ ಹಳೆಯ ಒಡೆಯನ ಹೆಸರಿನ್ನೂ ಮಸಿಯಲ್ಲಿಯೇ ಇರುವದರಿಂದ ಅವನ ಒಕ್ಕಲುತನವು ನಿಲ್ಲಲಿಲ್ಲ. 1824ರಲ್ಲಿ ಕಿತ್ತೂರಿನ ಬಾಗಿಲಿಗೆ ಬಿದ್ದ ಮೊಹರನ್ನೂ 1913ರ ಈ ಪೆನ್ಸಿಲಿನ ಗೆರೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಡುವಿನ ತೊಂಬತ್ತು ವರ್ಷಗಳಲ್ಲಿ ದಫ್ತರವು ಕಲಿತದ್ದು ಎಷ್ಟೆಂಬುದು ಗೊತ್ತಾಗುವದು. ಆಂಡರ್ಸನ್ ಎಂಬ ಅಧಿಕಾರಿಯು ಬರೆದ ಹಳ್ಳಿಲೆಕ್ಕದ ಕೈಪಿಡಿಯನ್ನು ಮುಂಬಯಿ ಇಲಾಖೆಯ ಕಾರಕೂನರು ಶಾಸ್ತ್ರದಂತೆ ಓದುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಕ್ರಮವು ಒಳ್ಳೆಯದಿತ್ತೆಂದ ಮಾತ್ರಕ್ಕೆ ನಡೆವಳಿಯೂ ಒಳ್ಳೆಯದಿತ್ತೆಂದು ವಾಚಕರು ತಿಳಿಯಕೂಡದು. ನೋಟೀಸು ಮನೆಗೆ ಮುಟ್ಟದೆ ಮುಟ್ಟಿತೆಂದು ಬರೆಯುವದು, ವಿಧವೆಯ ಹೆಸರನ್ನು ಬಿಟ್ಟು ಮೈದುನರ ಹೆಸರನ್ನಷ್ಟೇ ಏರಿಸುವದು, ಪುಸ್ತಕವನ್ನು ಚಾವಡಿಯಲ್ಲಿಡದೆ ಮನೆಯ ಅಟ್ಟದ ಮೇಲಿಡುವದು ಇವು ಯಾವ ಕಾಯದೆಯಿಂದಲೂ ನಿಂತವುಗಳಲ್ಲ. ಇನ್ನೊಂದು ಸೂಕ್ಷ್ಮವಾದ ಕೊರತೆಯೂ ಇತ್ತು. ರಜಿಸ್ಟರಾದ ಪತ್ರದಿಂದ ಹಕ್ಕನ್ನು ಪಡೆದವನು ಬೇರೆ ವರ್ದಿ ಕೊಡಬೇಕಾಗಿರಲಿಲ್ಲ. ರಜಿಸ್ಟ್ರಾರರ ಕಚೇರಿಯಿಂದಲೇ ಅದರ ಸಾರವು ತಾಲೂಕಿಗೂ ಅಲ್ಲಿಂದ ಹಳ್ಳಿಗೂ ಹೋಗತಕ್ಕದ್ದು. ಎರಡು ಕಚೇರಿಗಳನ್ನು ಒಂದು ಕಾಗದದಿಂದ ಜೋಡಿಸಿದ ಈ ಏರ್ಪಾಡಿನಲ್ಲಿ ದಾರಿಯಲ್ಲಿ ಕಳೆದ ಕಾಗದಕ್ಕೆ ಯಾವ ಪುಸ್ತಕದಲ್ಲಿಯೂ ಸ್ಥಳವಿರಲಿಲ್ಲ. ಬಂದ ತಕರಾರಿಗೆ ‘6 ಅ’ ಇತ್ತು. ಬಾರದ ಸುದ್ದಿಗೆ ಏನೂ ಇರಲಿಲ್ಲ. ಹೊಲವನ್ನು ಕೊಂಡವನು ಹತ್ತು ವರ್ಷಗಳ ಮೇಲೆ ಉತಾರ ತೆಗೆಸಿದಾಗ ಮಾರಿದವನ ಹೆಸರೇ ಅಲ್ಲಿರುವದು ಕಾಣುವದು.

ಮುಂದಿನ ಮೂವತ್ತು ವರ್ಷಗಳಲ್ಲಿ ದಫ್ತರದ ಮೇಲೆ ಬಿದ್ದ ಹೊರೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1948ರ ಮಾರ್ಚ 8ರಂದು ಸುಮಾರು 169 ಚದರ ಮೈಲಿಯ ರಾಮದುರ್ಗ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನದ ಪುಸ್ತಕಗಳು ಜಿಲ್ಲೆಯ ಪುಸ್ತಕಗಳೊಂದಿಗೆ ಕೂಡಬೇಕಾದವು. 1951ರಲ್ಲಿ ಕುಲಕರ್ಣಿ ವತನವು ನಿಂತು ಪಗಾರದ ತಲಾಠಿಯು ಬಂದನು. 1956ರ ನವೆಂಬರ 1ರಂದು ಬೆಳಗಾವಿಯು ಮೈಸೂರು ರಾಜ್ಯವನ್ನು ಸೇರಿತು. 1964ರ ಭೂಕಂದಾಯ ಕಾಯದೆಯು ಡೈರಿಯನ್ನೂ ತಕರಾರಿನ ಪುಸ್ತಕವನ್ನೂ 129ನೆಯ ಕಲಮಿನಲ್ಲಿ ಹಾಗೆಯೇ ಉಳಿಸಿಕೊಂಡು ಮೈಸೂರಿನ ಪಹಣಿಯೆಂಬ ಹೆಸರನ್ನು ಉತಾರಕ್ಕೆ ಕೊಟ್ಟಿತು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಗಿ ಅನೇಕ ಹಳ್ಳಿಗಳ ಹೊಲಗಳು ನೀರೊಳಗಾದವು. 1974ರ ಮಾರ್ಚ 1ರಿಂದ ಉಳುವವನೇ ಒಡೆಯನೆಂಬ ಕಾಯದೆಯು ಬಂದು ಸಾವಿರಾರು ನಮೂದುಗಳು ಏಕಕಾಲಕ್ಕೆ ಬದಲಾದವು. ಪ್ರತಿಯೊಂದು ಬದಲಾವಣೆಯಲ್ಲಿ ಒಂದು ಗುಂಟೆ ಇಲ್ಲಿ, ಅರ್ಧ ಗುಂಟೆ ಅಲ್ಲಿ ಹೆಚ್ಚುಕಡಿಮೆಯಾಗಿದ್ದರೆ ಕೈಬರಹದ ಪುಸ್ತಕವು ಅದನ್ನು ಸಹಿಸಿಕೊಂಡಿತು. ಪುಸ್ತಕವು ಕೂಡಿಸಿ ನೋಡುವದಿಲ್ಲವಷ್ಟೆ.

ಕೂಡಿಸಿ ನೋಡುವ ಪುಸ್ತಕವು ಬಂದದ್ದು 2000ದ ಸುಮಾರಿಗೆ. ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ 177 ತಾಲೂಕು ಕಚೇರಿಗಳಲ್ಲಿ ಕಿಂಡಿಗಳನ್ನು ತೆರೆದರು. 15 ರೂಪಾಯಿ ಕೊಟ್ಟರೆ ಉತಾರವು ಕೈಗೆ ಬರಹತ್ತಿತು. ಕೈಬರಹದ ಉತಾರಕ್ಕೆ ಬೆಲೆಯಿಲ್ಲದಾಯಿತು. ಮೊದಲು ಬಂದ ಅರ್ಜಿಯು ಮೊದಲೇ ಇತ್ಯರ್ಥವಾಗಬೇಕೆಂಬ ನಿಯಮವನ್ನು ಯಂತ್ರದಲ್ಲಿಯೇ ಬಿಗಿದರು. ನಮೂದನ್ನು ಬದಲಿಸುವವನು ತನ್ನ ಬೆರಳ ಗುರುತನ್ನು ಒತ್ತಿಯೇ ಒಳಗೆ ಹೋಗಬೇಕು. ಏರಿಸಿದ ಪಹಣಿಗಳನ್ನು ಮುದ್ರಿಸಿ ತಿದ್ದಲು ಗ್ರಾಮಲೆಕ್ಕಿಗರ ಕೈಗೆ ಮರಳಿ ಕೊಟ್ಟಿದ್ದರು. ಆದರೆ ಮೂಲದಲ್ಲಿಯೇ ಇದ್ದ ತಪ್ಪನ್ನು ಪ್ರತಿಯನ್ನು ನೋಡಿ ಹೇಗೆ ತಿದ್ದಬೇಕು? ಅರುವತ್ತು ವರ್ಷಗಳಿಂದ ಅಟ್ಟದ ಮೇಲೆ ಮಲಗಿದ್ದ 8 ಗುಂಟೆಯು ಈಗ ಯಂತ್ರದ ಪರದೆಯ ಮೇಲೆ ಎದ್ದು ಕುಳಿತಿತು. ಜನರು ‘ಕಂಪ್ಯೂಟರ್ ತಪ್ಪು’ ಎಂದರು. ಅನೇಕ ಸಲ ಅದು ಕಂಪ್ಯೂಟರು ಮಾಡಿದ ತಪ್ಪಲ್ಲ, ಕಂಪ್ಯೂಟರು ತೋರಿಸಿದ ತಪ್ಪು.

ಯಂತ್ರವೇ ತರುವ ತಪ್ಪುಗಳೂ ಇಲ್ಲದಿಲ್ಲ. 3 ಎಕರೆ 25 ಗುಂಟೆಯನ್ನು ಪಹಣಿಯಲ್ಲಿ ನಡುವೆ ಚುಕ್ಕೆಯಿಟ್ಟು 3.25 ಎಂದು ಬರೆಯುವ ರೂಢಿ. ದಶಾಂಶದಿಂದ ಎಣಿಸುವ ಇನ್ನೊಂದು ಪುಸ್ತಕಕ್ಕೆ ಈ ಸಂಖ್ಯೆಯನ್ನು ಹಾಗೆಯೇ ಕಳಿಸಿದರೆ ಅದು ಮೂರೂಕಾಲು ಎಕರೆ, ಅಂದರೆ 3 ಎಕರೆ 10 ಗುಂಟೆ ಆಗುವದು. 15 ಗುಂಟೆ ಹೊಲವು ಯಾರ ಕೈಯೂ ತಾಕದೆ ಮಾಯವಾಗುವದು. ಎರಡೂ ಪುಸ್ತಕಗಳು ತಮ್ಮ ತಮ್ಮೊಳಗೆ ಸರಿಯಾಗಿಯೇ ಇವೆ. ತಪ್ಪು ಹುಟ್ಟುವದು ಅವುಗಳ ನಡುವಿನ ದಾರಿಯಲ್ಲಿ. ವಿಂಗೇಟನ ಸರಪಳಿಯು ಇಪ್ಪತ್ತೊಂದನೆಯ ಶತಮಾನದ ಯಂತ್ರಕ್ಕೂ ತೊಡರಬಲ್ಲದು.

ಈ ದಾರಿಗಳು ಬರಬರುತ್ತ ಹೆಚ್ಚಿದವು. ರಜಿಸ್ಟ್ರಾರರ ಕಚೇರಿಗೆ ‘ಕಾವೇರಿ’ ಎಂಬ ತಂತ್ರಾಂಶವು ಬಂದು ಭೂಮಿಯೊಂದಿಗೆ ಜೋಡಣೆಯಾಯಿತು. ಸರ್ವೆಯವರ ‘ಮೋಜಿಣಿ’ಯೂ ಸೇರಿತು. ಹೊಲದ ಒಂದು ಭಾಗವನ್ನು ಮಾರುವವನು ಮೊದಲು 11ಇ ನಕ್ಷೆಯನ್ನು ಮಾಡಿಸತಕ್ಕದ್ದು. ಖರೀದಿಪತ್ರವು ರಜಿಸ್ಟರಾದೊಡನೆ ಸುದ್ದಿಯು ತಾನಾಗಿಯೇ ತಾಲೂಕಿಗೆ ಹೋಗಿ ಹಕ್ಕುಬದಲಿನ ಕೆಲಸವು ಆರಂಭವಾಗುವದು. ದಾರಿಯಲ್ಲಿ ಕಳೆಯುತ್ತಿದ್ದ ಹಳೆಯ ಕಾಗದದ ಕೊರತೆಯು ಇದರಿಂದ ಬಹುಮಟ್ಟಿಗೆ ನೀಗಿತೆನ್ನಬಹುದು. ಆದರೆ ಒಂದು ಕೊಂಡಿ ನಿಂತರೆ ಅದನ್ನು ನಂಬಿದ್ದೆಲ್ಲವೂ ನಿಲ್ಲುವದು. 2025ರ ಆರಂಭದಲ್ಲಿ ಹೊರಗಿನ ದಾಳಿಯಿಂದ ಕಾವೇರಿಯು ತಡೆಹಿಡಿದಾಗ ರಾಜ್ಯದ ಅನೇಕ ರಜಿಸ್ಟ್ರಾರರ ಕಚೇರಿಗಳ ಮುಂದೆ ಜನರು ಕೈಯಲ್ಲಿ ಪತ್ರ ಹಿಡಿದು ನಿಲ್ಲಬೇಕಾಯಿತು.

ಹೀಗೆ ಬೇರೆ ಬೇರೆ ಕಚೇರಿಗಳ ತಂತ್ರಾಂಶಗಳನ್ನು ಜೋಡಿಸುವದು ಈಗ ಲೋಕದಲ್ಲೆಲ್ಲ ಒಂದು ಪ್ರತ್ಯೇಕ ಶಾಸ್ತ್ರವಾಗಿದೆ. ಬ್ಯಾಂಕು, ರೇಲ್ವೆ, ದೊಡ್ಡ ವ್ಯಾಪಾರದ ಮನೆಗಳು ಎಲ್ಲವೂ ಅದರ ಮೇಲೆ ನಿಂತಿವೆ. ಆ ಶಾಸ್ತ್ರದವರು ತಪ್ಪುಗಳಲ್ಲಿ ಎರಡು ಜಾತಿಯನ್ನು ಮಾಡುವರು. ತಂತಿಯು ಕಡಿಯಿತು, ಆಚೆಯ ಯಂತ್ರವು ಮಲಗಿತ್ತು ಇಂಥವು ತಾತ್ಕಾಲಿಕ. ಸ್ವಲ್ಪ ತಡೆದು ಮತ್ತೆ ಕಳಿಸಿದರೆ ಸಂದೇಶವು ಮುಟ್ಟುವದು. ಇಲ್ಲದ ಸರ್ವೆ ನಂಬರು, ತಾಳೆಯಾಗದ ಹೆಸರು ಇಂಥವು ನೂರು ಸಲ ಕಳಿಸಿದರೂ ಮುಟ್ಟವು. ಎರಡನೆಯ ಜಾತಿಯ ಸಂದೇಶವನ್ನು ಮತ್ತೆ ಮತ್ತೆ ಕಳಿಸುತ್ತ ಕೂತರೆ ಹಿಂದಿನ ಸಾಲೆಲ್ಲ ತಡೆಯುವದು. ಎಸೆದುಬಿಟ್ಟರೆ ಒಬ್ಬನ ಹೊಲವು ಹೋಗುವದು. ಆದುದರಿಂದ ಅದನ್ನು ಪಕ್ಕದ ಒಂದು ಸಾಲಿನಲ್ಲಿ, ಬಂದ ಹಾಗೆಯೇ, ಬಂದ ವೇಳೆ ಮತ್ತು ನಿಂತ ಕಾರಣಗಳೊಂದಿಗೆ ಇಟ್ಟು ಮನುಷ್ಯನೊಬ್ಬನಿಗೆ ತಿಳಿಸುವರು. ಆ ಸಾಲಿಗೆ ಅವರು ‘ಡೆಡ್ ಲೆಟರ್ ಕ್ಯೂ’ ಎನ್ನುವರು. ವಿಳಾಸ ಸಿಕ್ಕದ ಪತ್ರಗಳಿಗೆ ಟಪಾಲು ಖಾತೆಯವರು ಹಿಂದೆ ಇಟ್ಟಿದ್ದ ಹೆಸರನ್ನೇ ಅವರು ಎತ್ತಿಕೊಂಡಿದ್ದಾರೆ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆಯಿರುವದರಿಂದ ಅದೇ ಸಂದೇಶವು ಎರಡು ಸಲ ಬಂದರೂ ಕೆಲಸವು ಒಂದೇ ಸಲ ಆಗುವಂತೆ ನೋಡಿಕೊಳ್ಳುವರು. ಇಲ್ಲವಾದರೆ ಒಂದೇ ವಾಟಣಿಯು ಎರಡು ಸಲ ಏರಿ 9ನೆಯ ಅಂಕಣವು ಬೆಳೆಯುವದು. ಸಂಪಗಾಂವದ ಕುಲಕರ್ಣಿಯು ಡೈರಿಗೆ ಅನುಕ್ರಮ ಸಂಖ್ಯೆ ಹಾಕಿ ತಕರಾರನ್ನು ‘6 ಅ’ಕ್ಕೆ ಬರೆದಾಗ ಮಾಡಿದ್ದೂ ಇದನ್ನೇ ಎಂಬುದನ್ನು ಈ ಶಾಸ್ತ್ರದವರು ಅರಿತಂತೆ ಕಾಣುವದಿಲ್ಲ.

ಸಾಲಿದ್ದರೆ ಸಾಲದು, ಅದನ್ನು ನೋಡುವವನು ಬೇಕು. ಸರಕಾರದ ಸಹಾಯವು ನೇರವಾಗಿ ರೈತನ ಬ್ಯಾಂಕಿನ ಖಾತೆಗೆ ಹೋಗುವ ಪದ್ಧತಿಯು ಬಂದ ಮೇಲೆ ಪಹಣಿ, ಆಧಾರ, ಬ್ಯಾಂಕು ಮೂರೂ ತಾಳೆಯಾಗಬೇಕಾಯಿತು. ‘ಫ್ರೂಟ್ಸ್’ ಎಂಬ ಜೋಡಣೆಯಲ್ಲಿ ಪ್ರತಿಯೊಬ್ಬ ರೈತನಿಗೂ ಒಂದು ಸಂಖ್ಯೆಯಿದೆ. ಈ ಸೀಮೆಯ ಹಳೆಯ ಪಹಣಿಗಳಲ್ಲಿ ಯಲ್ಲವ್ವ, ಬಸವ್ವ, ನಿಂಗವ್ವ ಎಂದಿದ್ದ ಹೆಸರುಗಳು ಹೊಸ ಚೀಟಿಗಳಲ್ಲಿ ಯಲ್ಲಮ್ಮ, ಬಸಮ್ಮ, ನಿಂಗಮ್ಮ ಆಗಿವೆ. ಸವದತ್ತಿಯ ಗುಡ್ಡದ ದೇವಿಗೆ ಎರಡೂ ಹೆಸರುಗಳಿಂದ ಕೂಗಿದರೂ ಕೇಳುವದು. ಯಂತ್ರಕ್ಕೆ ಅವು ಇಬ್ಬರು ಹೆಂಗಸರು. 2019ರ ಅಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರುಗಳು ನೀರಲ್ಲಿ ನಿಂತವು. ಬೆಳೆಹಾನಿಯ ಹಣವನ್ನು ‘ಪರಿಹಾರ’ವೆಂಬ ತಂತ್ರಾಂಶದ ಮೂಲಕ ಖಾತೆಗಳಿಗೆ ಕಳಿಸುವರು. ಇಂಥ ಪಾವತಿಯಲ್ಲಿ ಖಾತೆಗೆ ಆಧಾರವು ಜೋಡಣೆಯಾಗಿರದಿದ್ದರೆ ಹಣವು ಸದ್ದಿಲ್ಲದೆ ಹಿಂದಿರುಗುವದು. ಕಳಿಸಿದ ಕಚೇರಿಯ ಪುಸ್ತಕದಲ್ಲಿ ಹಣವು ಹೋಗಿದೆ. ಹೊಳೆಸಾಲಿನ ಮನೆಗೆ ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ತಾಲೂಕಿಗೆ ಹೋಗೆನ್ನುವರು, ತಾಲೂಕಿನಲ್ಲಿ ಕೇಳಿದರೆ ಬ್ಯಾಂಕಿಗೆ ಹೋಗೆನ್ನುವರು. ತಪ್ಪು ಇಬ್ಬರ ಪುಸ್ತಕದಲ್ಲಿಯೂ ಇಲ್ಲದಿರುವದೇ ಇದರ ಕಷ್ಟ. ಚಾವಡಿಗೆ ಹಚ್ಚಿದ ಕಾಗದವನ್ನಾದರೂ ಓದಬಲ್ಲವರಿಂದ ಓದಿಸಿ ಕೇಳಬಹುದಾಗಿತ್ತು. ಹಿಂದಿರುಗಿದ ಹಣದ ಸಾಲು ಯಾವ ಊರಿನಲ್ಲಿದೆಯೆಂದು ಒಕ್ಕಲಿಗನು ಯಾರನ್ನು ಕೇಳಬೇಕು? ತಿರಸ್ಕೃತ ಪಾವತಿಗಳ ಪಟ್ಟಿಯು ಗ್ರಾಮಲೆಕ್ಕಿಗರ ಕೈಗೆ ಬಂದು ಅವರು ಮನೆಮನೆಗೆ ಹೋಗಿ ವಿಚಾರಿಸಿದಲ್ಲಿ ಮಾತ್ರ ಹಣವು ಮುಟ್ಟುವದು.

ಪಹಣಿಯ 3 ಮತ್ತು 9ನೆಯ ಅಂಕಣಗಳ ತಕರಾರಿಗೆ ಬಂದರೆ, ಅದಕ್ಕಾಗಿ ತಾಲೂಕುಗಳಲ್ಲಿ ಕಂದಾಯ ಅದಾಲತ್ತುಗಳನ್ನು ನಡೆಸಿದ್ದಾರೆ. ಅಲ್ಲಿ ನಡೆಯುವ ಶೋಧವು ಕಾಲದಲ್ಲಿ ಹಿಂದು ಹಿಂದಕ್ಕೆ ಹೋಗುವದು. ಮೊದಲು ಯಂತ್ರದ ಪಹಣಿಯನ್ನು ಕೈಬರಹದ ಪಹಣಿಯೊಂದಿಗೆ ತಾಳೆ ನೋಡುವರು; ಅಲ್ಲಿಯೂ ಅದೇ ಅಂಕಿಯಿದ್ದರೆ ಪ್ರತಿ ಹೆಸರಿನ ಮುಂದಿರುವ ಡೈರಿಯ ಸಂಖ್ಯೆಯನ್ನು ಹಿಡಿದು ಆ ವರ್ದಿಯನ್ನು ತೆಗೆಸುವರು; ಅದರಿಂದಲೂ ಬಗೆಹರಿಯದಿದ್ದರೆ ಸರ್ವೆ ಕಚೇರಿಯ ಆಕಾರಬಂದಿಗೂ, ಸರಪಳಿ ಹಿಡಿದವರು ಹೊಲದಲ್ಲಿ ಬರೆದ ಟಿಪ್ಪಣಿಗೂ ಹೋಗುವರು. ತಹಶೀಲದಾರರು ತಿದ್ದುಪಡಿಯ ಹುಕುಮು ಮಾಡಿದರೆ ಅದಕ್ಕೆ ಹೊಸದೊಂದು ಸಂಖ್ಯೆ ಬೀಳುವದು. ಹಳೆಯ ನಮೂದು ಅಳಿಯುವದಿಲ್ಲ. ಹುಕುಮಿನಿಂದ ನೊಂದವನು 136ನೆಯ ಕಲಮಿನ ಪ್ರಕಾರ 60 ದಿನಗಳೊಳಗೆ ಬೈಲಹೊಂಗಲಕ್ಕೆ ಮೇಲ್ಮನವಿ ತರಬಹುದು. ಆ 8 ಗುಂಟೆಯು ಯಾವ ತಲೆಯ ಯಾವ ವಾಟಣಿಯಲ್ಲಿ ಒಳಗೆ ಬಂದಿತೆಂಬುದು ಬಹುಶಃ ಅಲ್ಲಿಗೆ ಬಂದ ಕಡತದ ನಡುವಿನ ಹಾಳೆಯಲ್ಲಿ, ಬಣ್ಣಗೆಟ್ಟ ಮಸಿಯಲ್ಲಿ, ಕುಲಕರ್ಣಿಯ ಮೋಡಿ ಅಕ್ಷರದಲ್ಲಿ ಬರೆದಿರುವದು. ಅದನ್ನು ಓದಬಲ್ಲವರನ್ನು ಮಾತ್ರ ಈಗ ಹುಡುಕಿ ತರಬೇಕು.